ಫ್ರೀಬಿಎಸ್‌ಡಿಯಲ್ಲಿ ಪೋರ್ಟ್ಸ್‌ನಿಂದ ಟೆಸರಾಕ್ಟ್ ಹಾಕಿದ ಮೇಲೆ ಲಿಬ್ರೆಆಫೀಸ್ ತೆರೆಯುತ್ತಿಲ್ಲ, ಅಪ್ಪನ ಫೈಲುಗಳ ಕೆಲಸ ನಿಂತಿದೆ

ಅಚ್ಚುಮೊಳೆ_ಮಂಡ್ಯ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪ ಮಂಡ್ಯದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಡಿಟಿಪಿ ಅಂಗಡಿ ನಡೆಸಿದರು. ಲಗ್ನಪತ್ರಿಕೆ, ತಿಥಿ ಕಾರ್ಡು, ಊರಹಬ್ಬದ ಕರಪತ್ರ, ಆಲೆಮನೆಯವರ ಬಿಲ್ ಬುಕ್ಕು, ಇದೇ ಕೆಲಸ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನಮ್ಮಜ್ಜಿ ಮತ್ತು ಊರಿನ ಹೆಂಗಸರು ಹೇಳುತ್ತಿದ್ದ ಸೋಬಾನೆ ಪದಗಳನ್ನು ಟೈಪ್ ಮಾಡಿ ಇಡುತ್ತಿದ್ದರು. ಸುಮಾರು 300 ಪುಟ ಆಗಿದೆ. ಅರ್ಧ ಹಳೆಯ ನುಡಿ ಫಾಂಟಿನ ಫೈಲುಗಳಲ್ಲಿದೆ. ಇನ್ನರ್ಧ ಹಾರ್ಡ್ ಡಿಸ್ಕ್ ಜೊತೆ ಹೋಯಿತು, ಅದರ ಪ್ರಿಂಟ್ ಮಾತ್ರ ರಟ್ಟಿನ ಡಬ್ಬದಲ್ಲಿ ಉಳಿದಿದೆ. ಅಪ್ಪನಿಗೆ ಈಗ ಕಣ್ಣು ಮಂಜು, ಓದಲು ಆಗುವುದಿಲ್ಲ. ಎಲ್ಲವನ್ನೂ ಯೂನಿಕೋಡಿಗೆ ತಂದು, ದಪ್ಪ ಅಕ್ಷರದಲ್ಲಿ ಒಂದು ಪುಸ್ತಕ ಮಾಡಿ ಅವರ ಕೈಗೆ ಕೊಡಬೇಕು ಅಂತ ಆಸೆ.

ನನ್ನ ಹತ್ತಿರ ಇರುವುದು ಹಳೆಯ ಡೆಸ್ಕ್‌ಟಾಪ್, 4 ಜಿಬಿ ರ್‍ಯಾಮ್. ದೊಡ್ಡಮ್ಮನ ಮಗ ಫ್ರೀಬಿಎಸ್‌ಡಿ 14 (ಲಿನಕ್ಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿಕೊಟ್ಟಿದ್ದ. ನಿಜ ಹೇಳಬೇಕೆಂದರೆ ಇಷ್ಟು ದಿನ ಒಂದು ತೊಂದರೆಯೂ ಕೊಟ್ಟಿಲ್ಲ, ಲಿಬ್ರೆಆಫೀಸ್, ಫೈರ್‌ಫಾಕ್ಸ್, ನೋಟೋ ಕನ್ನಡ ಫಾಂಟು ಎಲ್ಲ ಪಿಕೆಜಿಯಿಂದಲೇ (ರೆಡಿ ಪ್ಯಾಕೇಜು ಇಳಿಸಿ ಹಾಕುವ ಕಮಾಂಡು) ಹಾಕಿದ್ದು. ಕಳೆದ ವಾರ ಪ್ರಿಂಟುಗಳನ್ನು ಸ್ಕ್ಯಾನ್ ಮಾಡಿ ಅಕ್ಷರ ತೆಗೆಯಲು ಟೆಸರಾಕ್ಟ್ ಬೇಕಾಯಿತು. ಹುಡುಕಿದಾಗ ಸಿಕ್ಕ ಒಂದು ಹಳೆಯ ಗೈಡಿನಲ್ಲಿ ಪೋರ್ಟ್ಸ್ (ಸೋರ್ಸ್‌ನಿಂದ ಪ್ರೋಗ್ರಾಂ ಕಟ್ಟುವ ವ್ಯವಸ್ಥೆ) ಪೂರ್ತಿ ಇಳಿಸಿಕೊಂಡು ಪೋರ್ಟ್‌ಮಾಸ್ಟರ್ ಅನ್ನುವ ಟೂಲಿನಿಂದ ಕಂಪೈಲ್ ಮಾಡಿ ಅಂತ ಇತ್ತು. ಹಾಗೇ ಮಾಡಿದೆ. ರಾತ್ರಿ 9ಕ್ಕೆ ಶುರುವಾಗಿದ್ದು ಬೆಳಗಿನ ಜಾವದವರೆಗೂ ಓಡುತ್ತಲೇ ಇತ್ತು. ನಡುವೆ ಒಂದು ಸಲ ಕರೆಂಟ್ ಹೋಯಿತು, ಮತ್ತೆ ಶುರು ಮಾಡಿದೆ. ಕೊನೆಗೆ ಟೆಸರಾಕ್ಟ್ ಬಂತು. ಆದರೆ ಈಗ ಲಿಬ್ರೆಆಫೀಸ್ ಐಕಾನ್ ಒತ್ತಿದರೆ ಏನೂ ಆಗುವುದಿಲ್ಲ. ಟರ್ಮಿನಲ್‌ನಿಂದ ಓಡಿಸಿದರೆ ಬರುವುದು ಇಷ್ಟು:

ಷೇರ್ಡ್ ಆಬ್ಜೆಕ್ಟ್ "ಲಿಬ್‌ಐಸಿಯುಯುಸಿ.ಎಸ್‌ಒ.74" ನಾಟ್ ಫೌಂಡ್

ಲೈಬ್ರರಿಗಳು (ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡಿನ ಫೈಲುಗಳು) ಇರುವ ಫೋಲ್ಡರಿನಲ್ಲಿ ನೋಡಿದರೆ ಕೊನೆಯಲ್ಲಿ 76 ಇರುವ ಫೈಲು ಇದೆ, 74 ಇಲ್ಲ. ಹೊಸದೇ ಇರುವಾಗ ಹಳೆಯದನ್ನು ಯಾಕೆ ಕೇಳುತ್ತದೆ? ಎಲ್ಲ ಒರೆಸಿ ಮೊದಲಿಂದ ಹಾಕಬೇಕಾ? ಅಣ್ಣ ಹೊರದೇಶದಲ್ಲಿದ್ದಾನೆ, ಅವನನ್ನು ಪದೇ ಪದೇ ಕೇಳಲು ಸಂಕೋಚ.

ಇನ್ನೊಂದು ವಿಷಯ. ಗೆಳತಿಯೊಬ್ಬಳು ಲಿನಕ್ಸ್‌ನಲ್ಲಿ ಬಳಸುವ, ನುಡಿಯಿಂದ ಯೂನಿಕೋಡಿಗೆ ಬದಲಿಸುವ ಸ್ಕ್ರಿಪ್ಟ್ ಕಳಿಸಿದ್ದಾಳೆ. ಅದು ನನ್ನಲ್ಲಿ ಓಡುವುದೇ ಇಲ್ಲ, ಫೈಲು ಕಣ್ಣೆದುರಿಗೆ ಇದ್ದರೂ ನಾಟ್ ಫೌಂಡ್ ಅನ್ನುತ್ತದೆ.


ಗದ್ದೆಬದು_88

ಅಕ್ಕ, ಇದಕ್ಕೆ ಇಷ್ಟು ಗಾಬರಿ ಬೇಡ. 76ರ ಫೈಲಿಗೆ 74 ಅಂತ ಹೆಸರು ಕೊಟ್ಟು ಒಂದು ಲಿಂಕ್ ಮಾಡಿ, ಅಷ್ಟೇ. ಬೇರೆ ಲೈಬ್ರರಿಗಳಿಗೆ ನಾನು ಹಾಗೇ ಮಾಡಿ ಕೆಲಸ ಸಾಗಿಸಿದ್ದೇನೆ. ಸ್ಕ್ರಿಪ್ಟಿಗೂ ಅದೇ, ಬ್ಯಾಷ್ (ಸ್ಕ್ರಿಪ್ಟ್ ಓಡಿಸುವ ಶೆಲ್) ಹಾಕಿ /ಬಿನ್ ಒಳಗೆ ಒಂದು ಲಿಂಕ್ ಕೊಡಿ.


ಕುಕ್ಕರಹಳ್ಳಿ_ಬೆಳಗು

ಮೇಡಂ, ದಯವಿಟ್ಟು ಆ ಲಿಂಕ್ ಮಾಡಬೇಡಿ. ಗದ್ದೆಬದು ಅವರೇ, ನಿಮ್ಮ ಮೇಲೆ ಕೋಪವಿಲ್ಲ, ಕೆಲವು ಲೈಬ್ರರಿಗಳಿಗೆ ಅದು ನಡೆಯುವುದೂ ಉಂಟು. ಆದರೆ ಐಸಿಯು (ನಿಮ್ಮ ಎರರ್‌ನಲ್ಲಿರುವ, ಯೂನಿಕೋಡ್ ಅಕ್ಷರಗಳನ್ನು ನೋಡಿಕೊಳ್ಳುವ ಲೈಬ್ರರಿ) ಆ ಜಾತಿಯದ್ದಲ್ಲ. ಅದರಲ್ಲಿ ಪ್ರತಿ ಫಂಕ್ಷನ್ನಿನ ಹೆಸರಿನ ಕೊನೆಗೇ ಆವೃತ್ತಿಯ ಅಂಕಿ ಅಂಟಿಕೊಂಡಿರುತ್ತದೆ. ಲಿಬ್ರೆಆಫೀಸ್ ಕೇಳುವುದು 74 ಅಂಟಿದ ಹೆಸರನ್ನು, ಹೊಸ ಫೈಲಿನ ಒಳಗೆ ಇರುವುದೆಲ್ಲ 76 ಅಂಟಿದ ಹೆಸರುಗಳು. ಫೈಲಿನ ಹೆಸರು ಬದಲಿಸಿದರೆ ಬಾಗಿಲು ತೆರೆಯುತ್ತದೆ, ಒಳಗೆ ಕರೆದವರು ಯಾರೂ ಇರುವುದಿಲ್ಲ. ಈಗ ಬರುತ್ತಿರುವ ಎರರ್ ಬದಲು ಇನ್ನೊಂದು ಎರರ್ ಬರುತ್ತದೆ ಅಷ್ಟೇ. ಜೊತೆಗೆ ನೀವು ಕೈಯಾರೆ ಮಾಡಿದ ಆ ಲಿಂಕ್ ಪಿಕೆಜಿಗೆ ಗೊತ್ತಿರುವುದಿಲ್ಲ, ಆರು ತಿಂಗಳ ನಂತರ ಇನ್ನೆಲ್ಲೋ ಕಾಡುತ್ತದೆ, ಆಗ ಯಾಕೆ ಅಂತ ನಿಮಗೂ ನೆನಪಿರುವುದಿಲ್ಲ.

ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಸರ್ವರ್ ನೋಡಿಕೊಳ್ಳುವವನು, ಈ ಥರದ್ದು ದಿನಾ ನೋಡುತ್ತೇನೆ. ಒರೆಸಿ ಹಾಕುವುದು ಬೇಡವೇ ಬೇಡ. ನಿಮ್ಮ ಮಷಿನ್ ಕೆಟ್ಟಿಲ್ಲ. ಏನಾಗಿದೆ ಅಂತ ಮೊದಲು ಹೇಳುತ್ತೇನೆ, ಆಮೇಲೆ ಸರಿ ಮಾಡೋಣ.

ಫ್ರೀಬಿಎಸ್‌ಡಿಯಲ್ಲಿ ಮೂಲ ಸಿಸ್ಟಮ್ ಬೇರೆ, ಮೇಲೆ ಹಾಕುವ ಪ್ಯಾಕೇಜುಗಳು ಬೇರೆ. ಕರ್ನಲ್, ಶೆಲ್, ಎಲ್‌ಎಸ್, ಸೆಡ್ ಇಂಥವೆಲ್ಲ ಮೂಲದ ಜೊತೆ ಬರುತ್ತವೆ. ಲಿಬ್ರೆಆಫೀಸ್, ಬ್ಯಾಷ್, ಟೆಸರಾಕ್ಟ್, ನೀವು ಹಾಕಿದ ಪ್ರತಿಯೊಂದೂ /ಯುಎಸ್‌ಆರ್/ಲೋಕಲ್ ಒಳಗೆ ಕೂರುತ್ತದೆ. ನನಗೆ ಈ ಸಿಸ್ಟಮ್ ಮೇಲೆ ಪ್ರೀತಿ ಬಂದಿದ್ದೇ ಈ ಕಾರಣಕ್ಕೆ. ಮೇಲಿನದು ಎಷ್ಟೇ ಗೋಜಲಾದರೂ ಕೆಳಗಿನದು ಅಲುಗಾಡುವುದಿಲ್ಲ.

ಈ ಪ್ಯಾಕೇಜುಗಳು ಬರುವ ದಾರಿ ಎರಡು. ಒಂದು ಪಿಕೆಜಿ, ಅವರು ಕಂಪೈಲ್ ಮಾಡಿ ಇಟ್ಟಿದ್ದನ್ನು ಇಳಿಸಿಕೊಳ್ಳುವುದು. ಇನ್ನೊಂದು ಪೋರ್ಟ್ಸ್, ಸೋರ್ಸ್ ತಂದು ನಮ್ಮ ಮಷಿನ್ನಿನಲ್ಲೇ ಕಟ್ಟುವುದು. ಎರಡರ ಬೇರೂ ಒಂದೇ, ಪಿಕೆಜಿಯ ಪ್ಯಾಕೇಜುಗಳೂ ಪೋರ್ಟ್ಸ್‌ನಿಂದಲೇ ತಯಾರಾದವು. ಆದರೆ ನೀವು ಏನೂ ಬದಲಿಸದಿದ್ದರೆ ಪಿಕೆಜಿ ನೋಡುವುದು ಮೂರು ತಿಂಗಳಿಗೊಮ್ಮೆ ಕವಲೊಡೆಯುವ ಕ್ವಾರ್ಟರ್ಲಿ ಶಾಖೆಯನ್ನು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಹೊಸ ಶಾಖೆ ಬರುತ್ತದೆ, ಆಮೇಲೆ ಆ ಶಾಖೆಗೆ ಸೆಕ್ಯುರಿಟಿ ಮತ್ತು ಮುಖ್ಯ ರಿಪೇರಿಗಳು ಬಿಟ್ಟರೆ ಜಾಸ್ತಿ ಬದಲಾವಣೆ ಹೋಗುವುದಿಲ್ಲ. ನೀವು ಇಳಿಸಿಕೊಂಡ ಪೋರ್ಟ್ಸ್ ಮಾತ್ರ ಮುಖ್ಯ ಶಾಖೆಯದ್ದು, ಇವತ್ತಿನವರೆಗಿನ ಹೊಸದೆಲ್ಲ ಅದರಲ್ಲಿದೆ. ಟೆಸರಾಕ್ಟಿಗೆ ಐಸಿಯು ಬೇಕು. ಪೋರ್ಟ್‌ಮಾಸ್ಟರ್ ನೋಡಿತು, ನಿಮ್ಮದು 74, ಇಲ್ಲಿ 76 ಇದೆ, ಕೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಅದನ್ನೂ ಹೊಸದು ಮಾಡಿತು. ಹಳೆಯದನ್ನು ತೆಗೆದುಹಾಕಿತು. 74ನ್ನು ನಂಬಿ ಕಟ್ಟಿದ್ದ ಲಿಬ್ರೆಆಫೀಸನ್ನು ಅದು ಮುಟ್ಟಲೇ ಇಲ್ಲ. ಕರೆಂಟ್ ಹೋಗಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದರ ಬಗ್ಗೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಈಗ ಮಾಡಬೇಕಾದ್ದು. ಕಮಾಂಡುಗಳನ್ನು ಕನ್ನಡದಲ್ಲೇ ಬರೆಯುತ್ತೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ. ಮೊದಲು ರೂಟ್ ಆಗಿ 'ಬಿಇಸಿಟಿಎಲ್ ಲಿಸ್ಟ್' ಕೊಟ್ಟು ಏನು ಬರುತ್ತದೆ ನೋಡಿ. ನಿಮ್ಮ ಡಿಸ್ಕ್ ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಮೇಲೆ ಇದ್ದರೆ ಒಂದೆರಡು ಸಾಲು ಕಾಣಿಸುತ್ತದೆ. ಕಂಡರೆ 'ಬಿಇಸಿಟಿಎಲ್ ಕ್ರಿಯೇಟ್ ರಿಪೇರಿಮುಂಚೆ' ಅಂತ ಹೊಸದೊಂದು ಮಾಡಿಡಿ. ಇವತ್ತಿನ ಸ್ಥಿತಿ ಹೇಗಿದೆಯೋ ಹಾಗೇ ಹಿಡಿದಿಟ್ಟ ಹಾಗೆ. ಏನಾದರೂ ಎಡವಟ್ಟಾದರೆ ಬೂಟ್ ಮೆನುವಿನಿಂದ ಇಲ್ಲಿಗೇ ವಾಪಸ್ ಬರಬಹುದು. ಮನೆ ಫೋಲ್ಡರ್ ಬೇರೆ ಇರುವುದರಿಂದ ಅಪ್ಪನ ಫೈಲುಗಳಿಗೆ ಇದರಿಂದ ಏನೂ ಆಗುವುದಿಲ್ಲ. ಆದರೂ ಅವನ್ನು ಇವತ್ತೇ ಒಂದು ಪೆನ್‌ಡ್ರೈವಿಗೆ ಹಾಕಿ. ಇದು ನನ್ನ ಬೇಡಿಕೆ ಅಂದುಕೊಳ್ಳಿ.

ಆಮೇಲೆ 'ಪಿಕೆಜಿ ವರ್ಷನ್ -ವಿಆರ್', ವಿ ಚಿಕ್ಕಕ್ಷರ, ಆರ್ ದೊಡ್ಡಕ್ಷರ. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಹೆಸರಿನ ಮುಂದೆ ಸಮ ಚಿಹ್ನೆ ಇರುವುದನ್ನೆಲ್ಲ ಬಿಟ್ಟುಬಿಡಿ. '>' ಗುರುತು ಮತ್ತು 'ಸಕ್ಸೀಡ್ಸ್ ರಿಮೋಟ್' ಅಂತ ಇರುವ ಸಾಲುಗಳನ್ನು ಇಲ್ಲಿ ಹಾಕಿ. ಅಂದರೆ ನಿಮ್ಮಲ್ಲಿರುವುದು ಕ್ವಾರ್ಟರ್ಲಿಗಿಂತ ಮುಂದೆ ಓಡಿರುವ ಪ್ಯಾಕೇಜುಗಳು. ನನ್ನ ಊಹೆ ಸರಿಯಾಗಿದ್ದರೆ ತುಂಬ ಇರುವುದಿಲ್ಲ. ಪಿಕೆಜಿಯೇ ಓಡದೆ ಮುಷ್ಕರ ಹೂಡಿದರೆ 'ಪಿಕೆಜಿ-ಸ್ಟ್ಯಾಟಿಕ್' ಅಂತ ಕೊಡಿ, ಅದು ಯಾವ ಲೈಬ್ರರಿಯನ್ನೂ ಹೊರಗಿನಿಂದ ಕೇಳದೆ ತಾನೇ ನಿಲ್ಲುತ್ತದೆ, ಇಂಥ ಹೊತ್ತಿಗೇ ಇಟ್ಟಿರುವುದು.

ಸ್ಕ್ರಿಪ್ಟಿನ ವಿಷಯ ಆಮೇಲೆ ಬರೆಯುತ್ತೇನೆ, ಕ್ಲಾಸಿಗೆ ಪ್ರೊಜೆಕ್ಟರ್ ನೋಡಲು ಕರೆಯುತ್ತಿದ್ದಾರೆ.


ಗದ್ದೆಬದು_88

ಐಸಿಯು ಒಳಗೆ ಹೆಸರಿನಲ್ಲೇ ಅಂಕಿ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ ಸಾರ್. ಅಕ್ಕ, ನಾನು ಹೇಳಿದ್ದು ಬಿಟ್ಟು ಇವರು ಹೇಳಿದ್ದು ಮಾಡಿ. ಬ್ಯಾಷ್ ಲಿಂಕ್ ಮಾತ್ರ ನಾನು ಮೂರು ವರ್ಷದಿಂದ ಇಟ್ಟುಕೊಂಡಿದ್ದೇನೆ, ಏನೂ ಆಗಿಲ್ಲ, ಅದು ತಪ್ಪಾ?


ಮೇಲುಕೋಟೆ_ಮೆಟ್ಟಿಲು

ಅಮ್ಮಾ, ನೀವು ಓದಿದ ಗೈಡು ಸುಳ್ಳು ಹೇಳಲಿಲ್ಲ, ಅದರ ಕಾಲ ಮುಗಿದಿದೆ. ನಾನು ಮೈಸೂರಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಆ ಕಾಲದಲ್ಲಿ ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಪೋರ್ಟ್ಸ್ ಶುರುವಾಗಿದ್ದು 1994ರಲ್ಲಿ. ಒಂದು ಫೋಲ್ಡರಿಗೆ ಹೋಗಿ ಮೇಕ್ ಇನ್‌ಸ್ಟಾಲ್ ಅಂದರೆ ಸೋರ್ಸ್ ಎಲ್ಲಿದೆಯೋ ಅಲ್ಲಿಂದ ತಂದು, ತೇಪೆ ಹಾಕಿ, ಕಟ್ಟಿ ಕೊಡುವುದು ಆಗ ದೊಡ್ಡ ವಿಷಯವಾಗಿತ್ತು. ನೆಟ್‌ಬಿಎಸ್‌ಡಿಯವರು 1997ರಲ್ಲಿ ಇದನ್ನೇ ತೆಗೆದುಕೊಂಡು ಪಿಕೆಜಿಎಸ್‌ಆರ್‌ಸಿ ಮಾಡಿದರು, ಅದು ಈಗ ಬೇರೆ ಬೇರೆ ಯುನಿಕ್ಸ್‌ಗಳಲ್ಲೂ ಓಡುತ್ತದೆ. ಈಗಿನ ಪಿಕೆಜಿ ಬಂದು ಸರಿಯಾಗಿ ನೆಲೆ ನಿಂತಿದ್ದು 2014ರಲ್ಲಿ, ಫ್ರೀಬಿಎಸ್‌ಡಿ 10ರ ಜೊತೆ. ಅದಕ್ಕೆ ಮುಂಚೆ ರೆಡಿ ಪ್ಯಾಕೇಜು ಹಾಕಬಹುದಿತ್ತು, ಆದರೆ ಹಾಕಿದ್ದನ್ನು ನೆಮ್ಮದಿಯಾಗಿ ಹೊಸದು ಮಾಡುವುದು ಕಷ್ಟವಿತ್ತು. ಆದ್ದರಿಂದಲೇ ಜನ ಪೋರ್ಟ್‌ಮಾಸ್ಟರ್ ಹಿಡಿದರು. ಯಾವ ಗೈಡಿನಲ್ಲಾದರೂ 'ಪಿಕೆಜಿ'ಗೂ 'ಆಡ್'ಗೂ ನಡುವೆ ಅಡಿಗೆರೆ ಇರುವ ಕಮಾಂಡು ಕಂಡರೆ ಅದು ಈ ಹಳೆಯ ಕಾಲದ್ದು ಅಂತ ತಿಳಿಯಿರಿ, ಮುಚ್ಚಿಬಿಡಿ.

ಈಗ 30,000ಕ್ಕೂ ಜಾಸ್ತಿ ಪ್ಯಾಕೇಜು ರೆಡಿಯಾಗಿ ಸಿಗುತ್ತವೆ. ನಿಮಗೆ ಬೇಕಿದ್ದ ಟೆಸರಾಕ್ಟೂ ಅದರಲ್ಲಿ ಇತ್ತು, 'ಪಿಕೆಜಿ ಸರ್ಚ್ ಟೆಸರಾಕ್ಟ್' ಅಂದಿದ್ದರೆ ಕಾಣುತ್ತಿತ್ತು. 4 ಜಿಬಿ ಮಷಿನ್ನಿನಲ್ಲಿ ರಾತ್ರಿಯಿಡೀ ಕಂಪೈಲ್ ಮಾಡುವ ಅಗತ್ಯ ಇರಲಿಲ್ಲ. ಪೋರ್ಟ್ಸ್ ಬೇಡ ಅಂತಲ್ಲ. ರೆಡಿ ಪ್ಯಾಕೇಜಿನಲ್ಲಿ ಇಲ್ಲದ ಆಯ್ಕೆಯೊಂದು ಬೇಕಾದಾಗ ಪೋರ್ಟ್ಸ್ ಬೇಕೇ ಬೇಕು. ಆದರೆ ಆಗ ಗಿಟ್‌ನಲ್ಲಿ ಪಿಕೆಜಿ ಯಾವ ಕ್ವಾರ್ಟರ್ಲಿಯಲ್ಲಿದೆಯೋ ಅದೇ ಹೆಸರಿನ ಶಾಖೆಗೆ ಹೋಗಿ ಕಟ್ಟಬೇಕು. ಒಂದೇ ಗದ್ದೆಗೆ ಎರಡು ನಾಲೆಯ ನೀರು ಬಿಟ್ಟು ಒಂದರ ತೂಬು ಮುಚ್ಚಲು ಮರೆತರೆ ಏನಾಗುತ್ತದೆ, ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ.

ನಿಮ್ಮ ತಂದೆಯವರ ಫೈಲುಗಳ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು, ಇದು ನನಗೆ ಪ್ಯಾಕೇಜಿಗಿಂತ ಮುಖ್ಯ ಅನ್ನಿಸುತ್ತದೆ. ಹಳೆಯ ನುಡಿ ಫಾಂಟಿನ ಫೈಲಿನಲ್ಲಿ ಇರುವುದು ಕನ್ನಡ ಅಕ್ಷರಗಳಲ್ಲ, ಇಂಗ್ಲಿಷ್ ಮತ್ತು ಬೇರೆ ಚಿಹ್ನೆಗಳ ಜಾಗದಲ್ಲಿ ಕೂರಿಸಿದ ಕನ್ನಡದ ಆಕಾರಗಳು. ಕಣ್ಣಿಗೆ ಕಂಡ ಕ್ರಮದಲ್ಲೇ ಕೂತಿರುತ್ತವೆ. 'ಧರ್ಮ' ಅಂತ ಬರೆದಿದ್ದರೆ ಆ ಫೈಲಿನಲ್ಲಿ ಧ, ಆಮೇಲೆ ಮ, ಅದರ ಪಕ್ಕಕ್ಕೆ ಅರ್ಕಾವತ್ತು. ಯೂನಿಕೋಡಿನಲ್ಲಿ ಧ, ರ, ಹಲಂತ, ಮ. ಅಂದರೆ ಅರ್ಕಾವತ್ತು ಹಿಂದಕ್ಕೆ ಜಿಗಿದು ಅಕ್ಷರದ ಮುಂದೆ ಕೂರಬೇಕು. ಸುಮ್ನೆ ಒಂದಕ್ಕೊಂದು ಬದಲಿಸುತ್ತಾ ಹೋಗುವ ಸ್ಕ್ರಿಪ್ಟುಗಳು ಇಲ್ಲೇ ಎಡವುತ್ತವೆ. ಬದಲಿಸಿದ ಮೇಲೆ ಸೂರ್ಯ, ವರ್ಷ, ಅರ್ಧ ಇಂಥ ಪದಗಳನ್ನು ಹುಡುಕಿ ಕಣ್ಣಾರೆ ನೋಡಿ. ಮೂಲ ಫೈಲನ್ನು ಎಂದಿಗೂ ಅಳಿಸಬೇಡಿ.

ತಿದ್ದಲು ಟೈಪ್ ಮಾಡಬೇಕಲ್ಲ, ಅದಕ್ಕೂ ಹೊಸ ಪ್ಯಾಕೇಜು ಬೇಕಿಲ್ಲ. ಎಕ್ಸ್ (ಪರದೆಯ ಕಿಟಕಿಗಳನ್ನು ತೋರಿಸುವ ವ್ಯವಸ್ಥೆ) ಜೊತೆ ಬರುವ ಕೀಬೋರ್ಡ್ ಪಟ್ಟಿಯಲ್ಲೇ ಕಗಪ ಲೇಔಟ್ ಇದೆ, ಕನ್ನಡ ಗಣಕ ಪರಿಷತ್ತಿನದು. ಭಾರತದ ಲೇಔಟಿನ ಒಳಗೆ 'ಕಾನ್-ಕಗಪ' ಅಂತ ಹುಡುಕಿ. ನುಡಿಯಲ್ಲಿ ಪಳಗಿದ ಬೆರಳಿಗೆ ವ್ಯಂಜನಗಳೆಲ್ಲ ಅದೇ ಜಾಗದಲ್ಲಿ ಸಿಗುತ್ತವೆ. ಪದದ ಮೊದಲಿಗೆ ಬರುವ ಸ್ವರಗಳಿಗೆ ಮಾತ್ರ ಬಲಗಡೆಯ ಆಲ್ಟ್ ಹಿಡಿದುಕೊಳ್ಳಬೇಕಾಗುತ್ತದೆ, ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ.


ಅಚ್ಚುಮೊಳೆ_ಮಂಡ್ಯ

ಎಲ್ಲರಿಗೂ ತುಂಬ ಧನ್ಯವಾದ. ಮೇಷ್ಟ್ರೇ (ಹಾಗೆ ಕರೆಯಬಹುದಲ್ವಾ), ನಾಲೆ ತೂಬಿನ ಮಾತು ಅಪ್ಪನಿಗೆ ಓದಿ ಹೇಳಿದೆ, ಈಗ ಅವರಿಗೂ ಅರ್ಥವಾಯಿತು ಅಂದರು.

ಬಿಇಸಿಟಿಎಲ್ ಲಿಸ್ಟ್‌ನಲ್ಲಿ ಮೂರು ಸಾಲು ಇದ್ದವು, ಎರಡು ಅಪ್‌ಡೇಟ್ ಮಾಡಿದಾಗ ತಾನೇ ಮಾಡಿಟ್ಟಿದ್ದು ಅನ್ನಿಸುತ್ತದೆ, ಹೆಸರಿನಲ್ಲಿ ತಾರೀಖು ಇದೆ. ಹೊಸದು ಮಾಡಿದೆ. ಪೆನ್‌ಡ್ರೈವಿಗೂ ಹಾಕಿದೆ, ಒಂದಲ್ಲ ಎರಡು.

'>' ಇರುವ ಸಾಲು ಏಳು ಬಂದವು. ಐಸಿಯು, ಹಾರ್ಫ್‌ಬಝ್, ಪ್ಯಾಂಗೋ, ಕೈರೋ, ಲೆಪ್ಟೋನಿಕಾ, ಟೆಸರಾಕ್ಟ್, ಇನ್ನೊಂದು ಪೋರ್ಟ್‌ಮಾಸ್ಟರ್. ಐಸಿಯು ಮುಂದೆ 'ರಿಮೋಟ್ ಹ್ಯಾಸ್ 74' ಅಂತ ಇದೆ. ಈಗ?


ಕುಕ್ಕರಹಳ್ಳಿ_ಬೆಳಗು

ಏಳೇ, ಒಳ್ಳೆಯದಾಯಿತು. ಪೋರ್ಟ್‌ಮಾಸ್ಟರನ್ನು 'ಪಿಕೆಜಿ ಡಿಲೀಟ್' ಅಂದು ತೆಗೆದುಬಿಡಿ, ನಿಮಗೆ ಅದರ ಕೆಲಸ ಮುಗಿಯಿತು. ಉಳಿದ ಆರನ್ನು ಒಟ್ಟಿಗೆ ಒಂದೇ ಸಾಲಿನಲ್ಲಿ 'ಪಿಕೆಜಿ ಇನ್‌ಸ್ಟಾಲ್ -ಎಫ್' ಮುಂದೆ ಬರೆಯಿರಿ. ಬಿಡಿಬಿಡಿಯಾಗಿ ಮಾಡಬೇಡಿ, ಒಂದು ಹಿಂದೆ ಒಂದು ಮುಂದೆ ಆದರೆ ಅದೇ ಗೋಳು. ಎಂಟರ್ ಒತ್ತಿದ ಮೇಲೆ ಪಿಕೆಜಿ ತಾನು ಏನು ಮಾಡಲಿದ್ದೇನೆ ಅಂತ ಪಟ್ಟಿ ಹಾಕಿ ವೈ ಅಥವಾ ಎನ್ ಕೇಳುತ್ತದೆ. ಅಲ್ಲಿ ನಿಲ್ಲಿ. 'ಡೌನ್‌ಗ್ರೇಡೆಡ್' ಅನ್ನುವ ತಲೆಬರಹದ ಕೆಳಗೆ ಈ ಆರು ಹೆಸರು ಇರಬೇಕು. 'ರಿಮೂವ್ಡ್' ಅನ್ನುವ ತಲೆಬರಹವೇ ಇರಬಾರದು. ಇದ್ದರೆ ಎನ್ ಒತ್ತಿ ಇಲ್ಲಿ ಬನ್ನಿ.

ಸ್ಕ್ರಿಪ್ಟಿನ ವಿಷಯ. ನಿಮ್ಮ ಗೆಳತಿಯ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ /ಬಿನ್/ಬ್ಯಾಷ್ ಅಂತ ಇರುತ್ತದೆ ನೋಡಿ. ಲಿನಕ್ಸ್‌ನಲ್ಲಿ ಬ್ಯಾಷ್ ಅಲ್ಲೇ ಇರುತ್ತದೆ. ನಮ್ಮಲ್ಲಿ ಬ್ಯಾಷ್ ಮೂಲ ಸಿಸ್ಟಮ್ಮಿನ ಭಾಗವಲ್ಲ, ಪ್ಯಾಕೇಜಿನಿಂದ ಹಾಕಿದರೆ ಅದು /ಯುಎಸ್‌ಆರ್/ಲೋಕಲ್/ಬಿನ್ ಒಳಗೆ ಹೋಗುತ್ತದೆ. ನಾಟ್ ಫೌಂಡ್ ಅಂದಿದ್ದು ನಿಮ್ಮ ಸ್ಕ್ರಿಪ್ಟನ್ನಲ್ಲ, ಅದನ್ನು ಓಡಿಸಬೇಕಾದ ಬ್ಯಾಷನ್ನು. 'ಪಿಕೆಜಿ ಇನ್‌ಸ್ಟಾಲ್ ಬ್ಯಾಷ್' ಮಾಡಿ, ಮೊದಲ ಸಾಲನ್ನು /ಯುಎಸ್‌ಆರ್/ಬಿನ್/ಎನ್ವ್ ಬ್ಯಾಷ್ ಅಂತ ಬದಲಿಸಿ. ಎನ್ವ್ ಎಲ್ಲ ಕಡೆ ಒಂದೇ ಜಾಗದಲ್ಲಿರುತ್ತದೆ, ಬ್ಯಾಷ್ ಎಲ್ಲಿದ್ದರೂ ಹುಡುಕಿ ಕೊಡುತ್ತದೆ. ಗದ್ದೆಬದು ಅವರೇ, ನಿಮ್ಮ ಲಿಂಕ್ ಅಪಾಯವಲ್ಲ, ನಿಮ್ಮ ಮಷಿನ್ನಿಗೆ ನಡೆಯುತ್ತದೆ. ಆದರೆ ಸ್ಕ್ರಿಪ್ಟನ್ನೇ ತಿದ್ದಿದರೆ ಅದು ಇವರಲ್ಲೂ ಓಡುತ್ತದೆ, ಗೆಳತಿಯ ಲಿನಕ್ಸ್‌ನಲ್ಲೂ ಓಡುತ್ತದೆ. ತಿದ್ದಿದ್ದನ್ನು ಅವರಿಗೂ ವಾಪಸ್ ಕಳಿಸಬಹುದು. ಓಪನ್ ಸೋರ್ಸ್ ಅಂದರೆ ನನಗೆ ಮೊದಲು ನೆನಪಾಗುವುದು ಈ ಕೊಡುಕೊಳ್ಳುವಿಕೆಯೇ.

ಅದಾದ ಮೇಲೆ ಎರಡನೇ ತೊಡಕು ಸೆಡ್‌ನಲ್ಲಿ (ಫೈಲಿನೊಳಗಿನ ಅಕ್ಷರ ಬದಲಿಸುವ ಕಮಾಂಡು) ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಸ್ಕ್ರಿಪ್ಟಿನಲ್ಲಿ 'ಸೆಡ್ -ಐ' ಇದ್ದರೆ ಲಿನಕ್ಸ್‌ನ ಗ್ನೂ ಸೆಡ್ ಮತ್ತು ನಮ್ಮ ಬಿಎಸ್‌ಡಿ ಸೆಡ್ ಅದನ್ನು ಬೇರೆ ಬೇರೆ ಥರ ಓದುತ್ತವೆ. ನಮ್ಮದು -ಐ ಆದ ಮೇಲೆ ಬ್ಯಾಕಪ್ ಫೈಲಿಗೆ ಯಾವ ಬಾಲ ಹಚ್ಚಲಿ ಅಂತ ಕಾಯುತ್ತದೆ. ಮುಂದೆ ಏನು ಸಿಕ್ಕಿದರೂ ಅದನ್ನೇ ಬಾಲ ಅಂದುಕೊಂಡು, ಫೈಲಿನ ಹೆಸರನ್ನು ಕಮಾಂಡ್ ಅಂದುಕೊಂಡು ಏನೋ ಎರರ್ ಕೊಡುತ್ತದೆ. -ಐ ಪಕ್ಕದಲ್ಲಿ ಖಾಲಿ ಉದ್ಧರಣ ಚಿಹ್ನೆ ಜೋಡಿ ಇಡಬಹುದು, ಆದರೆ ಆಗ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಅದಕ್ಕಿಂತ 'ಜಿಸೆಡ್' ಪ್ಯಾಕೇಜು ಹಾಕಿಕೊಂಡು ಸ್ಕ್ರಿಪ್ಟಿನಲ್ಲಿ ಸೆಡ್ ಇದ್ದ ಕಡೆ ಜಿಸೆಡ್ ಮಾಡಿಕೊಳ್ಳುವುದು ನಿಮಗೆ ಸುಲಭ, ಗೆಳತಿಗೆ ಕಳಿಸುವಾಗ ಮಾತ್ರ ಅದನ್ನು ಮತ್ತೆ ಸೆಡ್ ಮಾಡಿ. ಮೊದಲು ಒಂದೇ ಫೈಲಿನ ನಕಲಿನ ಮೇಲೆ ಓಡಿಸಿ ನೋಡಿ.


ಪ್ಯಾಸೆಂಜರ್_ಪಾಂಡವಪುರ

ರಿಮೂವ್ಡ್ ಅನ್ನುವ ತಲೆಬರಹದ ಬಗ್ಗೆ ಸಾರ್ ಹೇಳಿದ್ದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ ಅಕ್ಕ. ನನಗೆ ಹೋದ ವರ್ಷ ಆಗಿದ್ದು ಹೇಳುತ್ತೇನೆ. ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕಿದ್ದ ಹಿಂದಿನ ರಾತ್ರಿ, ಯಾಕೆ ಅಂತ ಇಲ್ಲದೆ 'ಪಿಕೆಜಿ ಅಪ್‌ಗ್ರೇಡ್' ಕೊಟ್ಟೆ. ಎರಡು ಪರದೆ ತುಂಬ ಹೆಸರುಗಳು ಓಡಿದವು, ಕೊನೆಯ ಮೂರು ಸಾಲು ಮಾತ್ರ ಕಾಣುತ್ತಿತ್ತು, ವೈ ಒತ್ತಿದೆ. ಮೇಲಕ್ಕೆ ಸರಿಸಿ ನೋಡಿದ್ದರೆ ಮೊದಲ ಸಾಲುಗಳಲ್ಲೇ ಇತ್ತು, ತೆಗೆಯಲಿರುವ ಪ್ಯಾಕೇಜು 9, ಅದರಲ್ಲಿ ಒಂದು ಲಿಬ್ರೆಆಫೀಸ್. ಆ ವಾರ ಅವರ ಕಡೆ ಲಿಬ್ರೆಆಫೀಸ್ ಕಂಪೈಲ್ ಆಗಿರಲಿಲ್ಲ, ಆದ್ದರಿಂದ ಹೊಸದು ಅಲ್ಲಿ ಇರಲಿಲ್ಲ. ಹಳೆಯದು ಹೊಸ ಲೈಬ್ರರಿಗಳ ಜೊತೆ ಕೂರುವುದಿಲ್ಲ, ಹಾಗಾಗಿ ಪಿಕೆಜಿ ಅದನ್ನು ತೆಗೆಯುತ್ತೇನೆ ಅಂತ ನೇರವಾಗಿಯೇ ಹೇಳಿತ್ತು, ನಾನು ಓದಲಿಲ್ಲ.

/ವಾರ್/ಕ್ಯಾಶ್/ಪಿಕೆಜಿ ಒಳಗೆ ಹಿಂದೆ ಇಳಿಸಿದ ಪ್ಯಾಕೇಜುಗಳು ಉಳಿದಿರುತ್ತವೆ, ಅಲ್ಲಿಂದ 'ಪಿಕೆಜಿ ಆಡ್' ಅಂದು ವಾಪಸ್ ಹಾಕಬಹುದು ಅಂತ ಆಮೇಲೆ ತಿಳಿಯಿತು. ಜಾಗ ಇಲ್ಲ ಅಂತ ಅದನ್ನೂ ಹಿಂದಿನ ವಾರವಷ್ಟೇ ಖಾಲಿ ಮಾಡಿದ್ದೆ. ಬೆಳಗ್ಗೆ ಮೊದಲ ರೈಲಿಗೆ ಮೈಸೂರಿಗೆ ಹೋಗಿ ಸ್ನೇಹಿತನ ರೂಮಿನಲ್ಲಿ ಕೂತು ರಿಪೋರ್ಟ್ ಮುಗಿಸಿದೆ. ಕೆಲವು ದಿನಕ್ಕೆ ಪ್ಯಾಕೇಜು ವಾಪಸ್ ಬಂತು.

ಈಗ ಯಾವಾಗಲೂ ಮೊದಲು 'ಪಿಕೆಜಿ ಅಪ್‌ಗ್ರೇಡ್ -ಎನ್' ಕೊಡುತ್ತೇನೆ. ಏನೂ ಮಾಡದೆ ಪಟ್ಟಿ ಮಾತ್ರ ತೋರಿಸುತ್ತದೆ. ಅದನ್ನು ಒಂದು ಫೈಲಿಗೆ ಹಾಕಿ ಮೇಲಿನಿಂದ ಕೆಳಗಿನವರೆಗೆ ಓದುತ್ತೇನೆ. ನಾನು ದಿನಾ ಬಳಸುವ ಯಾವುದಾದರೂ ತೆಗೆಯುವ ಪಟ್ಟಿಯಲ್ಲಿದ್ದರೆ ಆ ದಿನ ಅಪ್‌ಗ್ರೇಡ್ ಇಲ್ಲ. ಜೊತೆಗೆ 'ಪಿಕೆಜಿ ಪ್ರೈಮ್-ಲಿಸ್ಟ್' ಅಂತ ಒಂದಿದೆ, ನಾವಾಗಿ ಕೇಳಿ ಹಾಕಿಸಿಕೊಂಡ ಪ್ಯಾಕೇಜುಗಳ ಹೆಸರು ಮಾತ್ರ ಕೊಡುತ್ತದೆ, ಅವುಗಳ ಹಿಂದೆ ಬಂದ ನೂರಾರು ಲೈಬ್ರರಿಗಳನ್ನು ಬಿಟ್ಟು. ನನ್ನದು 41 ಹೆಸರು, ಅದನ್ನು ನನಗೆ ನಾನೇ ಮೇಲ್ ಮಾಡಿಟ್ಟಿದ್ದೇನೆ.


ಅಚ್ಚುಮೊಳೆ_ಮಂಡ್ಯ

ಆಯಿತು!! ಲಿಬ್ರೆಆಫೀಸ್ ತೆರೆಯಿತು.

ಡೌನ್‌ಗ್ರೇಡೆಡ್ ಕೆಳಗೆ ಸರಿಯಾಗಿ ಆರೇ ಹೆಸರು ಇದ್ದವು, ಐಸಿಯು ಮುಂದೆ 76ರಿಂದ 74ಕ್ಕೆ ಬಾಣದ ಗುರುತು. ತೆಗೆಯುವ ಪಟ್ಟಿ ಇರಲಿಲ್ಲ, ಮೂರು ಸಲ ಓದಿ ಆಮೇಲೆ ವೈ ಒತ್ತಿದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲೇ ಐದು ನಿಮಿಷದೊಳಗೆ ಮುಗಿಯಿತು. ಒಂದು ರಾತ್ರಿಯಿಡೀ ಫ್ಯಾನ್ ಬಿಸಿ ಮಾಡಿಕೊಂಡು ಕಟ್ಟಿದ್ದನ್ನು ಬಿಡಿಸಲು ಇಷ್ಟೇ ಸಾಕಾಯಿತು.

ಟೆಸರಾಕ್ಟ್ ಪ್ಯಾಕೇಜಿನದ್ದೇ ಈಗ ಓಡುತ್ತಿದೆ. ಭಾಷೆಗಳ ಪಟ್ಟಿ ಕೇಳಿದಾಗ ಮೊದಲು ಕನ್ನಡ ಕಾಣಲಿಲ್ಲ, ಟೆಸರಾಕ್ಟ್-ಡೇಟಾ ಅನ್ನುವ ಇನ್ನೊಂದು ಪ್ಯಾಕೇಜು ಹಾಕಿದ ಮೇಲೆ 'ಕೆಎಎನ್' ಬಂತು. ಅಪ್ಪನ ಲೇಸರ್ ಪ್ರಿಂಟಿನ ಪುಟಗಳನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟೆ. ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಓದುತ್ತದೆ. ಒತ್ತಕ್ಷರದ ಕೆಳಗೆ ಒತ್ತಕ್ಷರ ಬಂದ ಕಡೆ ಎಡವುತ್ತದೆ, 'ಸ್ತ್ರೀ' ಒಂದು ಪುಟದಲ್ಲಿ ಸರಿಯಾಗಿ ಬಂದರೆ ಇನ್ನೊಂದರಲ್ಲಿ ರ ಒತ್ತು ಬಿಟ್ಟು ಬರುತ್ತದೆ. ಸೊನ್ನೆ ಮತ್ತು ಅನುಸ್ವಾರ ಅದಲುಬದಲು ಮಾಡುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟಿನ ಹನ್ನೆರಡು ಪುಟ ಇವೆ, ಅದರ ಮುಂದೆ ಮಾತ್ರ ಕೈಚೆಲ್ಲಿತು, ಅವನ್ನು ನಾನೇ ಟೈಪ್ ಮಾಡುತ್ತೇನೆ. ಕಗಪ ಲೇಔಟ್ ಸಿಕ್ಕಿತು ಮೇಷ್ಟ್ರೇ, ಅಪ್ಪನ ಅಂಗಡಿಯಲ್ಲಿ ಕಲಿತ ಬೆರಳು ಇನ್ನೂ ಮರೆತಿಲ್ಲ.

ಸ್ಕ್ರಿಪ್ಟ್ ಕೂಡ ಓಡಿತು, ಬ್ಯಾಷ್ ಸಾಲು ಬದಲಿಸಿ ಜಿಸೆಡ್ ಹಾಕಿದ ಮೇಲೆ. ನೀವು ಹೇಳಿದ ಹಾಗೇ ಅರ್ಕಾವತ್ತು ಕೆಟ್ಟಿತ್ತು. ಸೂರ್ಯ ಇರಬೇಕಾದ ಕಡೆಯೆಲ್ಲ ಸೂಯ ಆಗಿ ಪಕ್ಕದಲ್ಲಿ ಒಂದು ಅನಾಥ ಚಿಹ್ನೆ ಉಳಿದಿತ್ತು. ಆ ಚಿಹ್ನೆಯನ್ನು ಹಿಡಿದು ಅದರ ಹಿಂದಿನ ಅಕ್ಷರದ ಮುಂದಕ್ಕೆ ತರುವ ಒಂದು ಸಾಲು ಸೇರಿಸಿದೆ. ಕೆಳಗೆ ಒತ್ತು ಇರುವ ಅಕ್ಷರವಾದರೆ ಆ ಒತ್ತನ್ನೂ ದಾಟಿ ಹಿಂದಕ್ಕೆ ಹೋಗಬೇಕಲ್ಲ, ಅದಕ್ಕೆ ಅರ್ಧ ದಿನ ಹಿಡಿಯಿತು. ಈಗ ಸರಿ ಬರುತ್ತಿದೆ, ಗೆಳತಿಗೂ ಕಳಿಸಿದೆ.

ನಿನ್ನೆ ರಾತ್ರಿ ಮೊದಲ ಇಪ್ಪತ್ತು ಪುಟ ಅಪ್ಪನಿಗೆ ಓದಿದೆ. ಒಂದು ಸೋಬಾನೆ ಪದದಲ್ಲಿ ಎರಡನೇ ಸಾಲು ಬಿಟ್ಟುಹೋಗಿದೆ ಅಂತ ಅವರೇ ಹಿಡಿದರು, ಕಣ್ಣು ಮುಚ್ಚಿಕೊಂಡೇ ಆ ಸಾಲು ಹೇಳಿದರು. ಸ್ಕ್ಯಾನ್ ತೆಗೆದು ನೋಡಿದರೆ ಮಡಿಕೆ ಬಿದ್ದ ಜಾಗ, ಟೆಸರಾಕ್ಟ್ ಅದನ್ನು ಹಾರಿಸಿಬಿಟ್ಟಿತ್ತು.

ಇನ್ನೊಂದೇ ಪ್ರಶ್ನೆ ಉಳಿದಿದೆ. ಪ್ರಿಂಟ್ ಮಾಡಲು ಬೇಕಾದ ಸಿಯುಪಿಎಸ್ ಪ್ಯಾಕೇಜು ಹಾಕಿದ್ದೇನೆ, ಪ್ರಿಂಟರ್ ಮಾತ್ರ ಕಾಣುತ್ತಿಲ್ಲ.


ಮೇಲುಕೋಟೆ_ಮೆಟ್ಟಿಲು

ಆ ಸಾಲನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ ಅಮ್ಮಾ, ಪ್ರಿಂಟಿನಲ್ಲಿರುವುದಕ್ಕಿಂತ ಬೇರೆ ಇದ್ದರೂ ಪಕ್ಕದಲ್ಲಿ ಇಡಿ. ಸಾಧ್ಯವಾದರೆ ಅವರ ದನಿಯನ್ನೂ ಫೋನಿನಲ್ಲಿ ಹಿಡಿದಿಡಿ.


ಕುಕ್ಕರಹಳ್ಳಿ_ಬೆಳಗು

ತುಂಬ ಖುಷಿಯಾಯಿತು ಮೇಡಂ.

ಪ್ಯಾಕೇಜು ಹಾಕಿದ ಮಾತ್ರಕ್ಕೆ ಫ್ರೀಬಿಎಸ್‌ಡಿ ಯಾವ ಸರ್ವೀಸನ್ನೂ ತಾನಾಗಿ ಶುರು ಮಾಡುವುದಿಲ್ಲ, ನಾವು ಹೇಳಬೇಕು. 'ಪಿಕೆಜಿ ಇನ್ಫೋ -ಡಿ' ಮುಂದೆ ಪ್ಯಾಕೇಜಿನ ಹೆಸರು ಕೊಟ್ಟರೆ, ಡಿ ದೊಡ್ಡಕ್ಷರ, ಹಾಕಿದಾಗ ಓಡಿಹೋದ ಸಂದೇಶ ಇದ್ದರೆ ಮತ್ತೆ ಓದಬಹುದು. ಸದ್ಯಕ್ಕೆ 'ಸಿಸ್‌ಆರ್‌ಸಿ ಸಿಯುಪಿಎಸ್‌ಡಿ_ಎನೇಬಲ್=ಯೆಸ್' ಕೊಟ್ಟು, 'ಸರ್ವೀಸ್ ಸಿಯುಪಿಎಸ್‌ಡಿ ಸ್ಟಾರ್ಟ್' ಅನ್ನಿ. ಆಮೇಲೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 631 ತೆರೆಯಿರಿ. ಅಲ್ಲೂ ಕಾಣದಿದ್ದರೆ ಪ್ರಿಂಟರ್ ಮಾಡೆಲ್ ನಂಬರ್ ಇಲ್ಲಿ ಹಾಕಿ. ಭಾನುವಾರ ಮಂಡ್ಯದಲ್ಲಿ ನಮ್ಮತ್ತೆ ಮನೆಗೆ ಬರುವುದಿದೆ, ಅಷ್ಟರೊಳಗೆ ಆಗದಿದ್ದರೆ ಬಂದು ನೋಡುತ್ತೇನೆ.